ಚುಚ್ಚುಮದ್ದು: ಯಾವಾಗ ಬೇಕು, ಯಾವಾಗ ಬೇಡ



ಶ್ರೀಮಠದ ಆವರಣದಲ್ಲಿರುವ ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಎರಡು ಬಗೆಯ ಜನರನ್ನು ನಾವು ಬಹುಕಾಲದಿಂದ ಕಾಣುತ್ತ ಬಂದಿದ್ದೇವೆ. ಮೊದಲ ಬಗೆಯವರು ನೆಗಡಿ, ಮೈಕೈ ನೋವು ಎಂದು ಬಂದು, ‘ಒಂದು ಸೂಜಿ ಹಾಕಿಬಿಡ್ರಿ ಡಾಕ್ಟ್ರೇ, ನಾಳೆ ಹೊಲಕ್ಕ ಹೋಗಬೇಕು’ ಎನ್ನುತ್ತಾರೆ. ನಾವು ಆಯುರ್ವೇದದವರು, ನಮ್ಮಲ್ಲಿ ಸೂಜಿ ಇಲ್ಲವೆಂದರೆ ಮುಖ ಸಪ್ಪೆ ಮಾಡಿಕೊಂಡು ಪೇಟೆಯ ಕಡೆಗೆ ನಡೆಯುತ್ತಾರೆ. ಎರಡನೆಯ ಬಗೆಯವರು ಕಾಲು ಊದಿ ಕೆಂಪಾಗಿ, ಚಳಿಜ್ವರದಲ್ಲಿ ನಡುಗುತ್ತ ಬಂದು, ‘ದೊಡ್ಡಾಸ್ಪತ್ರೆ ಬ್ಯಾಡ್ರಿ, ಇಂಗ್ಲಿಷ್ ಔಷಧ ಬಾಳ ಉಷ್ಣ, ನಿಮ್ಮ ಕಷಾಯದಾಗ ಗುಣ ಮಾಡ್ರಿ’ ಎಂದು ಕೈಮುಗಿಯುತ್ತಾರೆ. ಮೊದಲಿನವರು ಬೇಡವಾದದ್ದನ್ನು ಬೇಡುತ್ತಾರೆ. ಎರಡನೆಯವರು ಬೇಕಾದದ್ದನ್ನು ಬೇಡವೆನ್ನುತ್ತಾರೆ. ಕೆಲವೊಮ್ಮೆ ಇಬ್ಬರೂ ಒಂದೇ ಮನೆಯವರು. ಇನ್ನೂ ಕೆಲವೊಮ್ಮೆ ಇಬ್ಬರೂ ಒಬ್ಬರೇ.

ಈ ಸಂಚಿಕೆಯಲ್ಲಿ ಆ ಸೂಜಿಯ ವಿಷಯವನ್ನೇ ಬರೆಯಲು ಸಂಕಲ್ಪಿಸಿದ್ದೇವೆ. ಆಯುರ್ವೇದದ ವೈದ್ಯರು ಆ್ಯಂಟಿಬಯೋಟಿಕ್ ಚುಚ್ಚುಮದ್ದಿನ ಬಗೆಗೆ ಬರೆಯುವುದೇ ಎಂದು ಕೆಲವರಿಗೆ ಅನ್ನಿಸಬಹುದು. ಬರೆಯಲು ನಮಗೊಂದು ಕಾರಣವಿದೆ. ಅದನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇವೆ.

ಇಪ್ಪತ್ತು ವರ್ಷಗಳಿಗೂ ಹಿಂದಿನ ಮಾತು. ಐವತ್ತರ ಆಸುಪಾಸಿನ ಒಬ್ಬ ರೈತರು, ಶ್ರೀಮಠದ ಭಕ್ತರು, ಎಡೆಕುಂಟೆ ಹೊಡೆಯುವಾಗ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿಸಿಕೊಂಡು ಮೂರನೆಯ ದಿನ ನಮ್ಮಲ್ಲಿಗೆ ಬಂದರು. ಹಲವು ವರ್ಷಗಳ ಸಕ್ಕರೆ ಕಾಯಿಲೆ. ಪಾದ ಊದಿತ್ತು, ಮುಟ್ಟಿದರೆ ಬಿಸಿಯಿತ್ತು, ಸಣ್ಣಗೆ ಜ್ವರವಿತ್ತು. ನೋವು ಮಾತ್ರ ಅಷ್ಟಾಗಿ ಇರಲಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಪಾದದ ನರಗಳು ಜಡವಾಗುವುದರಿಂದ ನೋವು ಇಲ್ಲದಿರುವುದೇ ಅಪಾಯದ ಲಕ್ಷಣವೆಂಬುದು ನಮಗೆ ತಿಳಿಯದ ವಿಷಯವೇನಲ್ಲ. ಆದರೂ ನಾವು ತ್ರಿಫಲಾ ಕಷಾಯದಿಂದ ಗಾಯವನ್ನು ತೊಳೆದು, ಜಾತ್ಯಾದಿ ತೈಲದ ಪಟ್ಟಿ ಕಟ್ಟಿ, ಹೊಟ್ಟೆಗೆ ಕೈಶೋರ ಗುಗ್ಗುಳು, ಗಂಧಕ ರಸಾಯನ ಕೊಟ್ಟು, ಎರಡು ದಿನ ಬಿಟ್ಟು ಬರಲು ಹೇಳಿ ಕಳುಹಿಸಿದೆವು. ಅವರ ಹೊಲದಲ್ಲಿ ಕೆಲಸವಿತ್ತು; ನಮ್ಮಲ್ಲಿ ನಮ್ಮ ಔಷಧದ ಮೇಲಿನ ಅಭಿಮಾನವಿತ್ತು.

ಎರಡು ದಿನಗಳ ನಂತರ ಅವರು ನಡೆದು ಬರಲಿಲ್ಲ. ಚಕ್ಕಡಿಯಲ್ಲಿ ಮಲಗಿಸಿಕೊಂಡು ತಂದರು. ಕೆಂಪು ಮೊಣಕಾಲಿನವರೆಗೆ ಏರಿತ್ತು. ಪಾದದ ಮೇಲೆ ಕಪ್ಪು ಗುಳ್ಳೆಗಳೆದ್ದಿದ್ದವು. ಉಸಿರು ಓಡುತ್ತಿತ್ತು, ಕೈಕಾಲು ತಣ್ಣಗಾಗಿದ್ದವು, ಮಗನನ್ನು ತಮ್ಮನೆಂದು ಕರೆಯುತ್ತಿದ್ದರು. ಹಿಂದಿನ ಸಂಜೆಯಿಂದ ಮೂತ್ರವಾಗಿಲ್ಲ ಎಂದರು. ಅದೇ ಗಳಿಗೆಯಲ್ಲಿ ಜೀಪು ಮಾಡಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ನಾವೇ ಜೊತೆಯಲ್ಲಿ ಕರೆದೊಯ್ದೆವು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು. ಅಲ್ಲಿನ ಶಸ್ತ್ರವೈದ್ಯರು ನಮ್ಮನ್ನು ಬೈಯಲಿಲ್ಲ. ‘ಎರಡು ದಿನ ಮೊದಲು ಬಂದಿದ್ದರೆ ಚೆನ್ನಾಗಿತ್ತು’ ಎಂದಷ್ಟೇ ಹೇಳಿದರು. ಆ ಎರಡು ದಿನಗಳ ಲೆಕ್ಕ ನಮ್ಮ ಹೆಸರಿನಲ್ಲಿದೆ.

ಆ ರೈತರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕೊಟ್ಟ ಔಷಧಗಳಲ್ಲಿ ಮುಖ್ಯವಾದದ್ದು ಸೆಫ್ಟ್ರಿಯಾಕ್ಸೋನ್ ಎಂಬುದು. ಇಂದು ತಾಲ್ಲೂಕು ಆಸ್ಪತ್ರೆಯಿಂದ ಹಿಡಿದು ಮಹಾನಗರದ ಆಸ್ಪತ್ರೆಯವರೆಗೆ ಗಂಭೀರ ಸೋಂಕಿಗೆ ಅತಿ ಹೆಚ್ಚಾಗಿ ಬಳಕೆಯಾಗುವ ಚುಚ್ಚುಮದ್ದುಗಳಲ್ಲಿ ಇದೊಂದು. ರಬ್ಬರ್ ಬಿರಡೆಯ ಸಣ್ಣ ಗಾಜಿನ ಸೀಸೆಯಲ್ಲಿ ಬಿಳಿ ಅಥವಾ ನಸುಹಳದಿ ಪುಡಿ. ಅದಕ್ಕೆ ಶುದ್ಧ ನೀರು ಬೆರೆಸಿ ದಾದಿಯರು ಅಲುಗಾಡಿಸುವುದನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಅದು ಏನು, ಎಲ್ಲಿಂದ ಬಂತು ಎಂಬುದು ಮಾತ್ರ ಹೆಚ್ಚಿನವರಿಗೆ ತಿಳಿಯದು.

ಬಂದದ್ದು ಒಂದು ಊರಿನ ಚರಂಡಿಯ ನೀರಿನಿಂದ. ಇಟಲಿ ದೇಶದ ಸಾರ್ಡಿನಿಯಾ ದ್ವೀಪದಲ್ಲಿ ಕಾಲ್ಯಾರಿ ಎಂಬ ಕಡಲತೀರದ ಪಟ್ಟಣವಿದೆ. 1945ರಲ್ಲಿ ಅಲ್ಲಿನ ವೈದ್ಯ ಜುಸೆಪ್ಪೆ ಬ್ರೊತ್ಸು ಎಂಬವರು ಊರಿನ ಕೊಳಚೆ ನೀರು ಸಮುದ್ರಕ್ಕೆ ಸೇರುವ ಜಾಗದಲ್ಲಿ ರೋಗಾಣುಗಳನ್ನು ಅಡಗಿಸುವ ಶಕ್ತಿ ಇರಬೇಕೆಂದು ಊಹಿಸಿ, ಆ ನೀರಿನಲ್ಲಿ ಬೆಳೆದಿದ್ದ ಒಂದು ಬೂಷ್ಟನ್ನು ಬೇರ್ಪಡಿಸಿದರು. ಅದರ ರಸ ವಿಷಮಶೀತ ಜ್ವರದ, ಅಂದರೆ ಟೈಫಾಯ್ಡ್‌ನ, ರೋಗಾಣುವನ್ನು ಬೆಳೆಯಗೊಡಲಿಲ್ಲ. ಆ ಬೂಷ್ಟು ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋಯಿತು. 1950ರ ದಶಕದಲ್ಲಿ ಎಡ್ವರ್ಡ್ ಅಬ್ರಹಾಂ, ಗೈ ನ್ಯೂಟನ್ ಎಂಬ ವಿಜ್ಞಾನಿಗಳು ಅದರಿಂದ ‘ಸೆಫಲೋಸ್ಪೊರಿನ್ ಸಿ’ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ಸಂತತಿಯೇ ಇಂದಿನ ಸೆಫಲೋಸ್ಪೊರಿನ್ ಔಷಧಗಳು. ಆ ವಂಶದ ಮೂರನೆಯ ತಲೆಮಾರಿನದು ಸೆಫ್ಟ್ರಿಯಾಕ್ಸೋನ್. 1980ರ ದಶಕದ ಆರಂಭದಲ್ಲಿ ರೋಗಿಗಳಿಗೆ ದೊರೆಯಿತು. ನಮ್ಮ ಬೆಂಗಳೂರಿನಲ್ಲಿಯೇ 1981ರಲ್ಲಿ ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಕೂಡಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಆ್ಯಂಡ್ ಫಾರ್ಮಾಸ್ಯೂಟಿಕಲ್ಸ್ ಸಂಸ್ಥೆಯನ್ನು ಸ್ಥಾಪಿಸಿದವು. ಇಂಥ ಔಷಧಗಳು ಅಲ್ಲಿಯೂ ತಯಾರಾಗುತ್ತವೆ. ಗಿಡ, ಬಳ್ಳಿ, ಬೇರುಗಳಷ್ಟೇ ಪ್ರಕೃತಿಯಲ್ಲ, ಬೂಷ್ಟೂ ಪ್ರಕೃತಿಯೇ. ‘ಇಂಗ್ಲಿಷ್ ಔಷಧವೆಲ್ಲ ಕೆಮಿಕಲ್’ ಎಂದು ಮೂಗು ಮುರಿಯುವ ಭಕ್ತರಿಗೆ ಈ ಕತೆಯನ್ನು ನಾವು ಆಗಾಗ ಹೇಳುವುದುಂಟು.

ಇದು ಕೆಲಸ ಮಾಡುವ ಬಗೆ ಸರಳ. ಬ್ಯಾಕ್ಟೀರಿಯಾ ಎಂಬ ಏಕಕೋಶ ಜೀವಿಗೆ ತನ್ನ ಸುತ್ತ ಒಂದು ಗಟ್ಟಿ ಗೋಡೆ ಬೇಕು. ಬೆಳೆಯುವಾಗ, ಒಂದು ಎರಡಾಗುವಾಗ, ಅದು ಆ ಗೋಡೆಯನ್ನು ಕಟ್ಟುತ್ತಲೇ ಇರಬೇಕು. ಈ ಔಷಧ ಗೋಡೆ ಕಟ್ಟುವ ಕೆಲಸಗಾರರ ಕೈ ಕಟ್ಟಿಹಾಕುತ್ತದೆ. ಗೋಡೆ ಬಿರಿದು ರೋಗಾಣು ಒಡೆದುಹೋಗುತ್ತದೆ. ಮನುಷ್ಯರ ಜೀವಕೋಶಗಳಿಗೆ ಅಂಥ ಗೋಡೆ ಇಲ್ಲ. ಆದ್ದರಿಂದ ಔಷಧ ರೋಗಾಣುವನ್ನು ಹೊಡೆದು ರೋಗಿಯನ್ನು ಬಿಡುತ್ತದೆ. ನೆಗಡಿ, ಫ್ಲೂ, ಡೆಂಗ್ಯೂ ಇವು ವೈರಸ್ಸಿನಿಂದ ಬರುವಂಥವು. ವೈರಸ್ಸಿಗೂ ಆ ಗೋಡೆ ಇಲ್ಲ. ಗೋಡೆಯೇ ಇಲ್ಲದ ಮೇಲೆ ಈ ಸೂಜಿ ಅಲ್ಲಿ ಮಾಡುವುದೇನು? ಏನೂ ಇಲ್ಲ. ನೆಗಡಿಗೆ ಸೂಜಿ ಹಾಕಿಸಿಕೊಂಡು ಮೂರು ದಿನಕ್ಕೆ ಗುಣವಾಯಿತೆನ್ನುವವರು, ಶುಂಠಿ ಕಷಾಯ ಕುಡಿದು ಹೊದ್ದು ಮಲಗಿದ್ದರೂ ಮೂರು ದಿನಕ್ಕೆ ಗುಣವಾಗುತ್ತಿದ್ದರು.

ಹಾಗಾದರೆ ಗುಳಿಗೆಯಲ್ಲಿ ಆಗದೆ ಸೂಜಿಯಲ್ಲೇ ಏಕೆ ಕೊಡಬೇಕು? ಸೂಜಿ ಎಂದರೆ ‘ಪವರ್’ ಹೆಚ್ಚು ಎಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಅದು ನಿಜವಲ್ಲ. ಎಷ್ಟೋ ಸೋಂಕುಗಳಿಗೆ ಬಾಯಿಂದ ನುಂಗುವ ಗುಳಿಗೆ ಸೂಜಿಯಷ್ಟೇ ಫಲ ಕೊಡುತ್ತದೆ. ಸೆಫ್ಟ್ರಿಯಾಕ್ಸೋನ್ ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುವುದಿಲ್ಲ. ಆದ್ದರಿಂದ ಅದಕ್ಕೆ ಸೂಜಿಯ ದಾರಿಯೇ ಗತಿ. ಇನ್ನು ರೋಗಿಯ ಸ್ಥಿತಿಯೂ ಒಂದು ಕಾರಣ. ವಾಂತಿಯಲ್ಲಿ ಗುಳಿಗೆ ನಿಲ್ಲುವುದಿಲ್ಲ. ಪ್ರಜ್ಞೆ ಇಲ್ಲದವರು ನುಂಗಲಾರರು. ರಕ್ತದೊತ್ತಡ ಕುಸಿದಾಗ ದೇಹ ಕರುಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡಿ ಹೃದಯಕ್ಕೂ ಮಿದುಳಿಗೂ ಉಳಿಸಿಕೊಳ್ಳುತ್ತದೆ. ಆಗ ನುಂಗಿದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಮಿದುಳಿನ ಪೊರೆಗೆ ಸೋಂಕು ತಗುಲಿದರೆ ಅಲ್ಲಿಗೆ ಔಷಧ ತಲುಪಬೇಕಾದರೆ ರಕ್ತದಲ್ಲಿ ಅದರ ಪ್ರಮಾಣ ಬೇಗನೆ ಏರಬೇಕು. ಇಂಥ ಕಡೆಗಳಲ್ಲಿ ಸೂಜಿ ಎಂಬುದು ಆಡಂಬರವಲ್ಲ, ಅಗತ್ಯ. ನ್ಯುಮೋನಿಯಾ, ಮಿದುಳಿನ ಪೊರೆಯ ಉರಿಯೂತ, ಮೂತ್ರಪಿಂಡದ ಸೋಂಕು, ಉಲ್ಬಣಿಸಿದ ಟೈಫಾಯ್ಡ್, ರಕ್ತಕ್ಕೆ ಏರಿದ ನಂಜು ಇವೆಲ್ಲ ಆ ಸಾಲಿನವು. ಸೆಫ್ಟ್ರಿಯಾಕ್ಸೋನಿನ ಒಂದು ವಿಶೇಷವೆಂದರೆ ಅದು ದೇಹದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 8 ತಾಸು ಬೇಕು. ಆದ್ದರಿಂದ ಹೆಚ್ಚಿನ ರೋಗಗಳಲ್ಲಿ ದಿನಕ್ಕೆ ಒಂದು ಸಲ ಕೊಟ್ಟರೆ ಸಾಕು.

ನಂಜು ಏರುವುದು ಎಂದು ನಮ್ಮ ಹಿರಿಯರು ಹೇಳುತ್ತಿದ್ದುದನ್ನು ಇಂದಿನ ವೈದ್ಯಶಾಸ್ತ್ರ ಸೆಪ್ಸಿಸ್ ಎನ್ನುತ್ತದೆ. ಸೋಂಕು ಒಂದು ಜಾಗದಲ್ಲಿದ್ದರೂ ಅದನ್ನು ಎದುರಿಸುವ ಭರದಲ್ಲಿ ದೇಹವೇ ತನ್ನ ಅಂಗಾಂಗಗಳಿಗೆ ಪೆಟ್ಟು ಕೊಟ್ಟುಕೊಳ್ಳುವ ಸ್ಥಿತಿ ಅದು. ಇಲ್ಲಿ ದಿನಗಳ ಲೆಕ್ಕವಲ್ಲ, ತಾಸುಗಳ ಲೆಕ್ಕ. ರಕ್ತದೊತ್ತಡ ಕುಸಿದ ರೋಗಿಗೆ ಗುರುತಿಸಿದ ಒಂದು ತಾಸಿನೊಳಗೆ ಆ್ಯಂಟಿಬಯೋಟಿಕ್ ರಕ್ತಕ್ಕೆ ಸೇರಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ನಮ್ಮ ರೈತರು ಚಕ್ಕಡಿಯಲ್ಲಿ ಬಂದಾಗ ಅವರಲ್ಲಿ ಕಂಡ ಒಂದೊಂದು ಲಕ್ಷಣವೂ ಅದರದೇ ಆಗಿತ್ತು. ಆದ್ದರಿಂದ ಮನೆಯವರು ಗಮನಿಸಬೇಕಾದದ್ದನ್ನು ಬಿಡಿಸಿ ಹೇಳುತ್ತೇವೆ. ಸುಮ್ಮನೆ ಕುಳಿತಿರುವ ದೊಡ್ಡವರ ಉಸಿರಾಟ ನಿಮಿಷಕ್ಕೆ 22ನ್ನು ಮುಟ್ಟಿದರೆ ಅಥವಾ ದಾಟಿದರೆ, ಮಾತು ತಪ್ಪಿದರೆ ಅಥವಾ ಗುರುತು ಹತ್ತದಿದ್ದರೆ, ಅರ್ಧ ದಿನ ಕಳೆದರೂ ಮೂತ್ರವಾಗದಿದ್ದರೆ, ಕೈಕಾಲು ತಣ್ಣಗಾಗಿ ಚರ್ಮ ಮಚ್ಚೆಮಚ್ಚೆಯಾಗಿ ಕಂಡರೆ, ಗಾಯದ ಸುತ್ತಲಿನ ಕೆಂಪು ನೋಡುನೋಡುತ್ತಲೇ ಹರಡಿದರೆ 108ಕ್ಕೆ ಕರೆ ಮಾಡಿರಿ. ವೃದ್ಧರಲ್ಲಿ ನಂಜು ಏರಿದಾಗ ಜ್ವರ ಬರದೆಯೂ ಇರಬಹುದು, ಮೈ ತಣ್ಣಗೇ ಇರಬಹುದು. ‘ಅಜ್ಜಿ ಯಾಕೋ ನಿನ್ನೆಯಿಂದ ಮಂಕಾಗಿದ್ದಾರೆ, ಊಟ ಬಿಟ್ಟಿದ್ದಾರೆ’ ಎಂಬುದಷ್ಟೇ ಲಕ್ಷಣವಾಗಿ ಬಂದ ಮೂತ್ರದ ಸೋಂಕುಗಳನ್ನು ನಾವು ಕಂಡಿದ್ದೇವೆ.

ಕೆಂಪಿನ ಅಂಚಿಗೆ ಪೆನ್ನಿನಿಂದ ಒಂದು ಗೆರೆ ಎಳೆದು ಪಕ್ಕದಲ್ಲಿ ಹೊತ್ತನ್ನು ಬರೆಯುವುದು ಈಗ ನಮ್ಮ ಚಿಕಿತ್ಸಾಲಯದ ನಿಯಮವಾಗಿದೆ. ಕೆಲವು ತಾಸುಗಳಲ್ಲಿ ಕೆಂಪು ಗೆರೆ ದಾಟಿದರೆ ನಮ್ಮ ತೈಲ, ಲೇಪಗಳ ಮಾತು ಅಲ್ಲಿಗೆ ಮುಗಿಯಿತು. ಸಕ್ಕರೆ ಕಾಯಿಲೆಯವರ ಪಾದವಾದರೆ ಗೆರೆಯನ್ನೂ ಕಾಯುವುದಿಲ್ಲ.

ಇದರಿಂದ ನಮ್ಮ ಶಾಸ್ತ್ರಕ್ಕೆ ಕುಂದು ಬಂತೆಂದು ಕೆಲವು ಮಿತ್ರರು ಹೇಳುವುದುಂಟು. ನಾವು ಒಪ್ಪುವುದಿಲ್ಲ. ಹೀಗೆ ಹರಡುವ ರೋಗವನ್ನು ಚರಕಾಚಾರ್ಯರು ವಿಸರ್ಪವೆಂದು ಕರೆದು ಚಿಕಿತ್ಸಾಸ್ಥಾನದಲ್ಲಿ ಅದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಹರಡುವುದೇ ಅದರ ಸ್ವಭಾವ, ಆ ಹೆಸರೂ ಅದರಿಂದಲೇ. ಬಾವು ಹಸಿಯಾಗಿದೆಯೋ, ಮಾಗುತ್ತಿದೆಯೋ, ಮಾಗಿದೆಯೋ ಎಂಬುದನ್ನು ಗುರುತಿಸಲು ಸುಶ್ರುತಾಚಾರ್ಯರು ಒಂದು ಅಧ್ಯಾಯ ಬರೆದು, ಹಸಿಯದನ್ನು ಕೊಯ್ಯುವ ವೈದ್ಯನನ್ನೂ ಮಾಗಿದ್ದನ್ನು ಕೊಯ್ಯದೆ ಬಿಡುವ ವೈದ್ಯನನ್ನೂ ಒಂದೇ ತೂಕದಲ್ಲಿ ನಿಂದಿಸಿದ್ದಾರೆ. ಇಂದಿಗೂ ಆ ಮಾತು ಸತ್ಯ: ಒಳಗೆ ಕೀವು ಕಟ್ಟಿದ್ದರೆ ಎಷ್ಟೇ ದೊಡ್ಡ ಆ್ಯಂಟಿಬಯೋಟಿಕ್ ಕೊಟ್ಟರೂ ಕೀವಿನ ನಡುವಿಗೆ ರಕ್ತ ಹರಿಯುವುದಿಲ್ಲ, ಔಷಧ ಹೋಗುವುದಿಲ್ಲ; ಕೊಯ್ದು ಹೊರಹಾಕಲೇಬೇಕು. ಇನ್ನು ಚರಕರು ಗುಲ್ಮದ ಅಧ್ಯಾಯದಲ್ಲಿ, ಗುಲ್ಮ ಪಕ್ವವಾದಾಗ ಅದರ ಚಿಕಿತ್ಸೆಗೆ ಅಧಿಕಾರವಿರುವುದು ಧನ್ವಂತರಿ ಸಂಪ್ರದಾಯದ ಶಸ್ತ್ರವೈದ್ಯರಿಗೆ ಎಂದು ತಾವೇ ಬಿಟ್ಟುಕೊಡುತ್ತಾರೆ. ಕಾಯಚಿಕಿತ್ಸೆಯ ಪರಮಾಚಾರ್ಯರೇ ‘ಇದು ನನ್ನದಲ್ಲ, ಅವರಲ್ಲಿಗೆ ಕಳುಹಿಸು’ ಎಂಬ ಅರ್ಥದ ಮಾತು ಹೇಳಿರುವಾಗ, ಬಿ.ಎ.ಎಂ.ಎಸ್. ಪದವಿಯ ಫಲಕ ಹಾಕಿಕೊಂಡ ನಮ್ಮದೇನು ಹೆಚ್ಚುಗಾರಿಕೆ? ಆ ಸಾಲನ್ನು ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆವು. ಅರ್ಥವಾದದ್ದು ಜೀಪಿನಲ್ಲಿ ಕುಳಿತಾಗ.

‘ಉಷ್ಣ’ದ ಮಾತಿಗೆ ಬರೋಣ. ಆ್ಯಂಟಿಬಯೋಟಿಕ್ ತೆಗೆದುಕೊಂಡವರಿಗೆ ಬಾಯಿ ಹುಣ್ಣು, ಹೊಟ್ಟೆ ಉರಿ, ಭೇದಿ ಆಗುವುದುಂಟು. ಇದನ್ನೇ ಜನ ಉಷ್ಣವೆನ್ನುತ್ತಾರೆ. ಔಷಧ ರೋಗಾಣುವನ್ನು ಕೊಲ್ಲುವಾಗ ಕರುಳಿನಲ್ಲಿ ನಮಗೆ ಉಪಕಾರ ಮಾಡಿಕೊಂಡಿರುವ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ತೊಂದರೆ ನಿಜವೇ. ಆದರೆ ಮನೆಗೆ ಬೆಂಕಿ ಬಿದ್ದಾಗ ನೀರು ಸುರಿದರೆ ಗೋಡೆ ನೆನೆಯುತ್ತದೆಂದು ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಚಿಕಿತ್ಸೆಯ ದಿನಗಳಲ್ಲಿ ತೆಳ್ಳನೆಯ ಗಂಜಿ, ಹೆಸರುಬೇಳೆ ಕಟ್ಟು, ಸಹಿಸುವವರಿಗೆ ತಾಜಾ ಮಜ್ಜಿಗೆ ಕೊಡಿರಿ. ರುಚಿ ಮರಳಿದಂತೆ ಗಂಜಿಯಿಂದ ಮೆತ್ತನೆಯ ಅನ್ನಕ್ಕೆ, ಅಲ್ಲಿಂದ ರೊಟ್ಟಿಗೆ ಕ್ರಮವಾಗಿ ಬರಲಿ. ಈ ಕ್ರಮವನ್ನು ನಮ್ಮ ಶಾಸ್ತ್ರ ಚೆನ್ನಾಗಿ ಹೇಳಿದೆ. ನಮ್ಮ ಸೇವೆ ಅಲ್ಲಿ ಸಾರ್ಥಕ. ಭೇದಿ ನೀರಿನಂತೆ ಪದೇ ಪದೇ ಆದರೆ, ರಕ್ತ ಕಂಡರೆ, ಚಿಕಿತ್ಸೆ ಮುಗಿದ ಕೆಲವು ವಾರಗಳ ನಂತರವೇ ಆದರೂ, ಮಜ್ಜಿಗೆಯಲ್ಲಿ ಕಾಲ ಕಳೆಯದೆ ಔಷಧ ಕೊಟ್ಟ ವೈದ್ಯರಿಗೆ ತಿಳಿಸಬೇಕು.

ಆಸ್ಪತ್ರೆಗೆ ಸೇರುವಾಗ ಭಕ್ತರು ಒಂದು ಸಂಗತಿಯನ್ನು ಮುಚ್ಚಿಡುತ್ತಾರೆ: ನಮ್ಮಲ್ಲಿ ತೆಗೆದುಕೊಳ್ಳುತ್ತಿರುವ ಔಷಧ. ದೊಡ್ಡ ಡಾಕ್ಟರು ಸಿಟ್ಟಾಗುತ್ತಾರೆಂಬ ಅಂಜಿಕೆ. ಹೇಳಿರಿ. ಭಸ್ಮ, ರಸೌಷಧಿಗಳನ್ನು ತೆಗೆದುಕೊಳ್ಳುತ್ತಿದ್ದರೆ ಅವಶ್ಯವಾಗಿ ಹೇಳಿರಿ. ನಂಜಿನಲ್ಲಿ ಮೂತ್ರಪಿಂಡ ಬಳಲಿರುವಾಗ ಅವು ಹೊರೆಯಾಗಬಹುದು. ಚೀಟಿಯನ್ನು ಜೊತೆಗೆ ಒಯ್ದರೆ ಇನ್ನೂ ಒಳಿತು. ಹಿಂದೆ ಪೆನಿಸಿಲಿನ್ ಅಥವಾ ಯಾವುದೇ ಸೂಜಿಯಿಂದ ಮೈಮೇಲೆ ದದ್ದು, ಮುಖ ಊತ, ಉಸಿರುಗಟ್ಟುವಿಕೆ ಆಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕು. ಇಂಥ ಅಲರ್ಜಿ ವಿರಳ, ಆದರೆ ಬಂದರೆ ನಿಮಿಷಗಳಲ್ಲಿ ಪ್ರಾಣಕ್ಕೆ ಬರುತ್ತದೆ. ಮನೆಯ ಜಗಲಿಯ ಮೇಲೆ, ಔಷಧದಂಗಡಿಯ ಹಿಂಬದಿಯಲ್ಲಿ ಈ ಸೂಜಿ ಹಾಕಿಸಿಕೊಳ್ಳಬೇಡಿರೆಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ. ಸ್ನಾಯುವಿಗೆ ಕೊಡುವಾಗ ನೋವು ತಿಳಿಯದಿರಲೆಂದು ಈ ಪುಡಿಯನ್ನು ಲಿಗ್ನೋಕೇನ್ ಎಂಬ ಮರಗಟ್ಟಿಸುವ ದ್ರವದಲ್ಲಿ ಕರಗಿಸುವುದುಂಟು. ಅದೇ ದ್ರಾವಣ ರಕ್ತನಾಳಕ್ಕೆ ಹೋಗಲೇಬಾರದು. ಕ್ಯಾಲ್ಸಿಯಂ ಇರುವ ಸಲೈನ್ ಬಾಟಲಿಯೊಂದಿಗೆ ಇದನ್ನು ಬೆರೆಸಿದರೆ ಹರಳುಗಟ್ಟುತ್ತದೆ. ಕಾಮಾಲೆ ಇರುವ ನವಜಾತ ಶಿಶುವಿಗೆ ಇದು ವರ್ಜ್ಯ. ಇವನ್ನೆಲ್ಲ ತಿಳಿದವರ ಕೈಯಲ್ಲಿಯೇ ಸೂಜಿ ಇರಬೇಕು.

ಆಸ್ಪತ್ರೆಯಲ್ಲಿ ಮೊದಲ ಸೂಜಿಗಿಂತ ಮುಂಚೆ ರಕ್ತ ತೆಗೆದುಕೊಂಡು ಸೀಸೆಗಳಲ್ಲಿ ತುಂಬುತ್ತಾರೆ. ‘ಮೊದಲೇ ನಿತ್ರಾಣ, ಮ್ಯಾಲ ಇಷ್ಟು ರಕ್ತ ಹೀರತಾರ’ ಎಂದು ಬಂಧುಗಳು ಗೊಣಗುವುದನ್ನು ಕೇಳಿದ್ದೇವೆ. ಅದು ಕಲ್ಚರ್ ಪರೀಕ್ಷೆ. ರಕ್ತದಲ್ಲಿರುವ ರೋಗಾಣುವನ್ನು ಬೆಳೆಸಿ, ಯಾವ ಔಷಧಕ್ಕೆ ಅದು ಸಾಯುತ್ತದೆ, ಯಾವುದಕ್ಕೆ ಜಗ್ಗುವುದಿಲ್ಲ ಎಂದು ನೋಡುತ್ತಾರೆ. ಫಲ ಬರಲು ಎರಡು ಮೂರು ದಿನ ಹಿಡಿಯುತ್ತದೆ. ಅಷ್ಟರವರೆಗೆ ಅನುಭವದ ಮೇಲೆ ಔಷಧ ನಡೆಯುತ್ತದೆ, ಆಮೇಲೆ ಬೇಕಾದರೆ ಬದಲಾಗುತ್ತದೆ. ಔಷಧ ಬದಲಾಯಿಸಿದರೆ ವೈದ್ಯರಿಗೆ ತಿಳಿಯದೆಂದು ಅರ್ಥವಲ್ಲ. ಆಗ ತಿಳಿಯಿತೆಂದು ಅರ್ಥ. ಟೈಫಾಯ್ಡ್ ಎಂದು ಹೇಳುವಾಗಲೂ ವೈಡಲ್ ಎಂಬ ಒಂದೇ ಪರೀಕ್ಷೆಯನ್ನು ನಂಬಿ ಹತ್ತು ಸೂಜಿ ಹಾಕಿಸಿಕೊಂಡವರು ನಮ್ಮ ಸುತ್ತ ಬಹಳ ಮಂದಿ ಇದ್ದಾರೆ. ಹಳೆಯ ಸೋಂಕಿನ, ಬೇರೆ ಸೋಂಕಿನ ಕಾರಣಕ್ಕೂ ಅದು ಹೌದೆನ್ನಬಹುದು. ಮೊದಲ ವಾರದಲ್ಲಿ ರಕ್ತದ ಕಲ್ಚರ್ ಹೆಚ್ಚು ನಂಬಿಕೆಗೆ ಅರ್ಹ.

ಎಷ್ಟು ದಿನ ಎಂಬುದು ಮುಂದಿನ ಪ್ರಶ್ನೆ. ಇದಕ್ಕೆ ನಾವು ಒಂದು ಹಳೆಯ ಘಟನೆಯನ್ನು ನೆನೆಯುತ್ತೇವೆ. 1941ರ ಫೆಬ್ರವರಿಯಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ 43 ವರ್ಷದ ಪೊಲೀಸನಿದ್ದ. ಮುಖದ ಮೇಲಿನ ಸಣ್ಣ ಗಾಯದಿಂದ ನಂಜೇರಿ, ತಲೆಯೆಲ್ಲ ಕೀವು ತುಂಬಿ, ಒಂದು ಕಣ್ಣನ್ನೇ ತೆಗೆಯಬೇಕಾಗಿತ್ತು. ಆಗತಾನೇ ಹನಿಹನಿಯಾಗಿ ತಯಾರಾಗುತ್ತಿದ್ದ ಪೆನಿಸಿಲಿನ್ನನ್ನು ಅವನಿಗೆ ಚುಚ್ಚಲಾಯಿತು. ಒಂದು ದಿನದಲ್ಲಿಯೇ ಚೇತರಿಕೆ ಕಂಡಿತು. ಜ್ವರ ಇಳಿಯಿತು, ಹಸಿವೆ ಮರಳಿತು. ಐದು ದಿನಕ್ಕೆ ಔಷಧ ಮುಗಿಯಿತು. ಲೋಕದಲ್ಲಿ ಇದ್ದದ್ದೇ ಅಷ್ಟು. ಅವನ ಮೂತ್ರವನ್ನು ಸಂಗ್ರಹಿಸಿ, ಅದರೊಳಗೆ ಹೊರಬಂದ ಪೆನಿಸಿಲಿನ್ನನ್ನು ಸೋಸಿ ಮತ್ತೆ ಅವನಿಗೇ ಚುಚ್ಚಿದರು. ಅದೂ ಸಾಲಲಿಲ್ಲ. ಸೋಂಕು ತಿರುಗಿ ಎದ್ದಿತು. ಮಾರ್ಚ್ 15ರಂದು ಅವನು ತೀರಿಕೊಂಡ.

ಅವನಿಗೆ ಔಷಧ ಇರಲಿಲ್ಲ. ಇಂದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ, ಜನೌಷಧಿ ಕೇಂದ್ರದಲ್ಲಿ ನೂರು ರೂಪಾಯಿಗಿಂತ ಕಡಿಮೆ ಬೆಲೆಗೆ ಒಂದು ಸೀಸೆ ದೊರೆಯುವಾಗ, ನಮ್ಮ ಭಕ್ತರು ಮೂರನೆಯ ದಿನ ಜ್ವರ ಬಿಟ್ಟಿತೆಂದು, ಕಬ್ಬು ಕಟಾವಿಗೆ ಬಂತೆಂದು, ಮನೆಯಲ್ಲಿ ಸೀಮಂತವಿದೆಯೆಂದು ಬಿಡುಗಡೆ ಬರೆಸಿಕೊಂಡು ಬರುತ್ತಾರೆ. ವೃದ್ಧೆಯೊಬ್ಬರು ಮೂತ್ರಪಿಂಡದ ಸೋಂಕಿನಲ್ಲಿ ಮೂರು ಸೂಜಿಗೆ ಎದ್ದು ಬಂದು, ಬರೆದುಕೊಟ್ಟ ಗುಳಿಗೆಗಳನ್ನೂ ನುಂಗದೆ, ವಾರದೊಳಗೆ ಮತ್ತೆ ಚಳಿಯಲ್ಲಿ ನಡುಗುತ್ತ ಅದೇ ಹಾಸಿಗೆಗೆ ಮರಳಿದ್ದನ್ನು ನಾವು ಕಂಡಿದ್ದೇವೆ. ಎಲ್ಲರಿಗೂ ಹತ್ತು ದಿನ, ಹದಿನಾಲ್ಕು ದಿನ ಸೂಜಿಯೇ ಬೇಕೆಂದೇನೂ ಇಲ್ಲ. ಚೇತರಿಕೆ ಕಂಡ ಮೇಲೆ ಸೂಜಿಯಿಂದ ಗುಳಿಗೆಗೆ ಇಳಿಸುವುದು ಒಳ್ಳೆಯ ವೈದ್ಯಕೀಯವೇ. ಕೆಲವು ರೋಗಗಳಿಗೆ ಹಿಂದೆ ಹೇಳುತ್ತಿದ್ದುದಕ್ಕಿಂತ ಕಡಿಮೆ ದಿನ ಸಾಕೆಂದೂ ಈಗ ತಿಳಿದಿದೆ. ಆದರೆ ಅದನ್ನು ನಿರ್ಧರಿಸಬೇಕಾದದ್ದು ರೋಗವನ್ನು ಬಲ್ಲವರು, ಕಬ್ಬಿನ ಕಟಾವಲ್ಲ.

ಇನ್ನು ಮೊದಲ ಬಗೆಯವರ, ಬೇಡಿ ಸೂಜಿ ಹಾಕಿಸಿಕೊಳ್ಳುವವರ ವಿಷಯ. ಒಂದು ಸೂಜಿಯಿಂದ ಏನಾಗುತ್ತದೆ, ಬೇಕಿಲ್ಲದಿದ್ದರೂ ಹಾನಿಯೇನು ಎಂದು ಅವರು ಕೇಳುತ್ತಾರೆ. ನೆಗಡಿಯವನ ಮೈಗೆ ಹೋದ ಸೆಫ್ಟ್ರಿಯಾಕ್ಸೋನ್ ನೆಗಡಿಯನ್ನು ಮುಟ್ಟದಿದ್ದರೂ ಕರುಳಿನ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳನ್ನು ಮುಟ್ಟುತ್ತದೆ. ಅವುಗಳಲ್ಲಿ ಮೆತ್ತನೆಯವು ಸಾಯುತ್ತವೆ, ಗಟ್ಟಿಯವು ಉಳಿದು ಹೆಚ್ಚುತ್ತವೆ. ಔಷಧವನ್ನೇ ಕತ್ತರಿಸಿಹಾಕುವ ಕಿಣ್ವವನ್ನು ತಯಾರಿಸುವ ಬ್ಯಾಕ್ಟೀರಿಯಾಗಳಿವೆ. ಆ ವಿದ್ಯೆಯನ್ನು ಅವು ಪಕ್ಕದ ಬ್ಯಾಕ್ಟೀರಿಯಾಗಳಿಗೂ ಹಂಚುತ್ತವೆ. ಮುಂದೆ ಎಂದಾದರೂ ಅವನಿಗೇ, ಅಥವಾ ಅದೇ ಮನೆಯ ಬಾಣಂತಿಗೆ, ಅಜ್ಜನಿಗೆ ಮೂತ್ರದ ಸೋಂಕು ರಕ್ತಕ್ಕೇರಿದಾಗ ಸೆಫ್ಟ್ರಿಯಾಕ್ಸೋನ್ ನೀರಿನಂತೆ ನಿಷ್ಫಲವಾಗುತ್ತದೆ. ಆಗ ಮೆರೊಪೆನೆಮ್ ಎಂಬ ಇನ್ನೂ ಮೇಲಿನ ಔಷಧಕ್ಕೆ ಹೋಗಬೇಕು. ಅದನ್ನೂ ಕತ್ತರಿಸುವ ಒಂದು ಕಿಣ್ವಕ್ಕೆ ವಿಜ್ಞಾನಿಗಳು ನಮ್ಮ ರಾಜಧಾನಿಯ ಹೆಸರನ್ನೇ ಇಟ್ಟಿದ್ದಾರೆ, ನ್ಯೂ ಡೆಲ್ಲಿ ಮೆಟಲೊ ಬೀಟಾ ಲ್ಯಾಕ್ಟಮೇಸ್ ಎಂದು. ಆಮೇಲೆ ಉಳಿಯುವುದು ಕೊಲಿಸ್ಟಿನ್‌ನಂಥ ಕೆಲವು, ಮೂತ್ರಪಿಂಡವನ್ನು ನೋಯಿಸುವಂಥವು. ಪಾಕಿಸ್ತಾನದ ಸಿಂಧ್ ಪ್ರಾಂತದ ಹೈದರಾಬಾದಿನಲ್ಲಿ 2016ರಲ್ಲಿ ಸೆಫ್ಟ್ರಿಯಾಕ್ಸೋನಿಗೂ ಜಗ್ಗದ ಟೈಫಾಯ್ಡ್ ಕಾಣಿಸಿಕೊಂಡು ಹರಡಿತು. ಬ್ರೊತ್ಸು ಅವರ ಬೂಷ್ಟು ಮೊದಲು ಅಡಗಿಸಿದ್ದ ಅದೇ ರೋಗಾಣು!

ಈ ಕಾರಣದಿಂದಲೇ ನಮ್ಮ ದೇಶದಲ್ಲಿ 2014ರ ಮಾರ್ಚಿನಿಂದ ಇಂಥ ಔಷಧಗಳು ಎಚ್1 ಎಂಬ ಅನುಸೂಚಿಗೆ ಸೇರಿವೆ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಯಾರು ಬರೆದರು, ಯಾರಿಗೆ ಕೊಟ್ಟರು, ಎಷ್ಟು ಎಂಬುದನ್ನು ಅಂಗಡಿಯವರು ಪುಸ್ತಕದಲ್ಲಿ ದಾಖಲಿಸಿ ಮೂರು ವರ್ಷ ಇಟ್ಟಿರಬೇಕು. ಅಂಗಡಿಯವರು ಚೀಟಿ ಕೇಳಿದರೆ ಅವರೊಡನೆ ಜಗಳವಾಡಬೇಡಿರಿ.

ಹೈನುಗಾರಿಕೆಯ ಭಕ್ತರಿಗೆ ಒಂದು ಮಾತು ಸೇರಿಸುತ್ತೇವೆ. ಆಕಳ ಕೆಚ್ಚಲು ಬಾವಿಗೆ ಪಶುವೈದ್ಯರು ಇದೇ ಔಷಧವನ್ನು ಬಳಸುವುದುಂಟು. ಎಷ್ಟು ದಿನ ಹಾಲನ್ನು ಚೆಲ್ಲಬೇಕೆಂದು ಅವರು ಹೇಳುತ್ತಾರೋ ಅಷ್ಟು ದಿನ ಆ ಹಾಲು ಡೈರಿಗೂ ಬೇಡ, ಕರುವಿಗೂ ಬೇಡ, ದಾಸೋಹಕ್ಕಂತೂ ತರಬೇಡಿರಿ. ಹಾಲು ಚೆಲ್ಲುವುದು ಸಂಕಟದ ಕೆಲಸವೆಂದು ನಮಗೆ ಗೊತ್ತು.

ಕಾಲು ಕಳೆದುಕೊಂಡ ಆ ರೈತರು ಈಗ ಎಪ್ಪತ್ತು ದಾಟಿದ್ದಾರೆ. ಜೈಪುರದ ಕೃತಕ ಕಾಲು ಹಾಕಿಕೊಂಡು, ಒಂದು ಕೋಲು ಹಿಡಿದು ಪ್ರತಿ ವರ್ಷ ಜಾತ್ರೆಗೆ ಬರುತ್ತಾರೆ. ನಮ್ಮ ಮೇಲೆ ಅವರು ಎಂದೂ ಒಂದು ಕಟುಮಾತು ಆಡಿದವರಲ್ಲ. ಈ ಸಲ ತೇರಿನ ಮರುದಿನ ಅವರು ಚಿಕಿತ್ಸಾಲಯದ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ಏಳೆಂಟು ವರ್ಷದ ಮೊಮ್ಮಗನ ಕೈ. ತೇರು ಬಯಲಿನಲ್ಲಿ ಆಡುವಾಗ ಹುಡುಗನ ಅಂಗಾಲಿಗೆ ಮುಳ್ಳು ಚುಚ್ಚಿತ್ತು. ‘ಇನ್ನೂ ಒಂದು ತಾಸೂ ಆಗಿಲ್ರಿ, ಹಂಗ ಎತ್ತಿಕೊಂಡು ಬಂದೇನಿ’ ಎಂದರು. ಮುಳ್ಳನ್ನು ತೆಗೆದು, ಗಾಯವನ್ನು ಸಾಬೂನು ನೀರಿನಿಂದ ಚೆನ್ನಾಗಿ ತೊಳೆದೆವು. ಕೆಂಪಿರಲಿಲ್ಲ, ಊತವಿರಲಿಲ್ಲ.

‘ಸೂಜಿ ಬೇಕೇನ್ರಿ?’ ಎಂದು ಅವರು ಕೇಳಿದರು.

ಧನುರ್ವಾಯುವಿನ ಲಸಿಕೆಯ ಕಾರ್ಡನ್ನು ಮನೆಯಿಂದ ತರಿಸಿ, ಬಾಕಿ ಇದ್ದರೆ ಇಂದೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದನ್ನು ಹಾಕಿಸಿರಿ, ಇನ್ನೊಂದು ಬೇಡ, ಆದರೆ ಎರಡು ದಿನ ಬೆಳಿಗ್ಗೆ ಸಂಜೆ ಪಾದವನ್ನು ನೋಡಿರಿ ಎಂದೆವು. ಹುಡುಗನಿಗೆ ಸೂಜಿಯ ಮಾತು ಕೇಳಿಯೇ ಅಳು ಬಂದಿತ್ತು. ಅಜ್ಜ ನಮ್ಮ ಮೇಜಿನ ಮೇಲಿದ್ದ ಪೆನ್ನನ್ನು ಕೇಳಿ ಪಡೆದು, ಬಗ್ಗಿ, ಮೊಮ್ಮಗನ ಪಾದದ ಮೇಲೆ ಗಾಯದ ಸುತ್ತ ತಾವೇ ಒಂದು ಗೆರೆ ಎಳೆದರು. ಆಮೇಲೆ ಗೋಡೆಯ ಗಡಿಯಾರ ನೋಡಿ, ಹೊತ್ತು ಎಷ್ಟೆಂದು ಬರೆಯಿರೆಂದು ಪೆನ್ನನ್ನು ನಮಗೆ ಕೊಟ್ಟರು.